ಅಕ್ಕನ ಮನೆಯಲ್ಲಿ ಬಂದ ಮ್ಯಾಚ್ ನಮ್ಮ ಮನೆಯಲ್ಲಿ ಏಕೆ ಬರಲಿಲ್ಲ?

2024ರ ಜೂನ್ 29, ಶನಿವಾರ. ರಾತ್ರಿ ಎಂಟಕ್ಕೆ ಬಾರ್ಬಡೋಸ್‌ನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವೆ ಟಿ20 ವಿಶ್ವಕಪ್ ಫೈನಲ್. ಹಾಸನದ ನಮ್ಮ ಮನೆಯಲ್ಲಿ ಇರುವುದು ಕೇಬಲ್. ಐಪಿಎಲ್ ಮುಗಿದ ಕೂಡಲೇ ಕ್ರೀಡಾ ವಾಹಿನಿಗಳ ಪ್ಯಾಕ್ ತೆಗೆಸಿದ್ದೆ. ಅಮ್ಮ ನೋಡುವುದು ಧಾರಾವಾಹಿ, ನಾನು ನೋಡುವುದು ವಾರ್ತೆ. ಸುಮ್ಮನೆ ತಿಂಗಳು ತಿಂಗಳು ಹಣ ಕಟ್ಟುವುದೇಕೆ ಎಂಬ ಲೆಕ್ಕಾಚಾರ. ಭಾರತದ ಫೈನಲ್ ಪಂದ್ಯ ದೂರದರ್ಶನದಲ್ಲಿ ಬಂದೇ ಬರುತ್ತದೆ ಎಂಬ ಧೈರ್ಯವೂ ಇತ್ತು. ಎಂಟು ಗಂಟೆಗೆ ಡಿಡಿ ಸ್ಪೋರ್ಟ್ಸ್ ಹಾಕಿದರೆ ಅಲ್ಲಿ ಬೇರೆ ಯಾವುದೋ ಕಾರ್ಯಕ್ರಮ ಓಡುತ್ತಿತ್ತು. ತರೀಕೆರೆ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಡಿಡಿ ಸ್ಪೋರ್ಟ್ಸ್‌ನಲ್ಲೇ ಬರುತ್ತಿದೆಯಲ್ಲ, ರೋಹಿತ್ ಟಾಸ್ ಗೆದ್ದಾಯಿತು" ಎಂದಳು.

ಅವಳ ಮನೆಯಲ್ಲಿರುವುದು ಡಿಡಿ ಫ್ರೀ ಡಿಶ್. ಒಮ್ಮೆ ತಟ್ಟೆ ಮತ್ತು ಬಾಕ್ಸ್ ತಂದು ಕೂರಿಸಿದರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ತಿಂಗಳು ತಪ್ಪದೆ ಹಣ ಕಟ್ಟುವ ನಮಗೆ ಪಂದ್ಯವಿಲ್ಲ, ಬಿಡಿಗಾಸು ಕಟ್ಟದ ಅವಳಿಗೆ ಪಂದ್ಯವಿದೆ, ಎರಡೂ ಕಡೆ ವಾಹಿನಿಯ ಹೆಸರು ಒಂದೇ. ಕೇಬಲ್‌ನವರಿಗೆ ಫೋನ್ ಹಚ್ಚಿ ಸಿಟ್ಟು ಮಾಡಿಕೊಂಡೆ. "ಸಾರ್, ಅದು ನಮ್ಮ ಕೈಯಲ್ಲಿಲ್ಲ" ಎಂದರು. ಆಗ ನಂಬಲಿಲ್ಲ. ಆಮೇಲೆ ಒಂದೊಂದಾಗಿ ಕೇಳುತ್ತ, ಓದುತ್ತ ಹೋದಾಗ ಅವರ ಮಾತು ಅಕ್ಷರಶಃ ನಿಜ ಎಂದು ತಿಳಿಯಿತು. ಹಾಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ರೀಡಾ ವಾಹಿನಿಯ ವ್ಯವಹಾರ ಅರ್ಥವಾಗದೆ ನಮ್ಮ ಮನೆಯ ಕೇಬಲ್ ಬಿಲ್ ಅರ್ಥವಾಗುವುದಿಲ್ಲ.

ಮೊದಲ ಎಳೆ ಸಿಕ್ಕಿದ್ದು ಅಕ್ಕನ ಮನೆಯ ಅಡಿಕೆ ತೋಟದಲ್ಲೇ. ತರೀಕೆರೆ, ಕೊಪ್ಪದ ಕಡೆ ತೋಟವನ್ನು ಚೇಣಿಗೆ ಕೊಡುವ ರೂಢಿ ಇದೆ. ಅಡಿಕೆ ಇನ್ನೂ ಮರದಲ್ಲಿರುವಾಗಲೇ ಚೇಣಿದಾರ ಬರುತ್ತಾನೆ. ತೋಟ ಸುತ್ತಿ, ಕತ್ತೆತ್ತಿ ಗೊನೆ ಎಣಿಸಿ, ಇಷ್ಟು ಕ್ವಿಂಟಲ್ ಆದೀತು ಎಂದು ಮನಸ್ಸಿನಲ್ಲೇ ಅಂದಾಜು ಕಟ್ಟಿ ಮಾತು ಮುಗಿಸಿ ಮುಂಗಡ ಕೊಡುತ್ತಾನೆ. ಅಲ್ಲಿಂದ ಮುಂದೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು, ಮಂಡಿಗೆ ಸಾಗಿಸುವುದು ಎಲ್ಲವೂ ಅವನದು. ಕೊಳೆರೋಗ ಬಂದರೂ ಅವನ ತಲೆಗೆ, ದರ ಏರಿದರೂ ಅವನ ಜೇಬಿಗೆ. ತೋಟದ ಯಜಮಾನನಿಗೆ ಹಣ ಮೊದಲೇ ನಿಗದಿ.

ಕ್ರೀಡಾ ವಾಹಿನಿ ಎಂದರೆ ಇಂಥ ಚೇಣಿದಾರ. ಆಟ ಅದರದ್ದಲ್ಲ, ಆಟಗಾರರೂ ಅದರವರಲ್ಲ. ತೋಟದ ಯಜಮಾನ ಕ್ರಿಕೆಟ್ ಮಂಡಳಿ. ಇಷ್ಟು ವರ್ಷ, ಇಷ್ಟು ಪಂದ್ಯಗಳನ್ನು ತೋರಿಸುವ ಹಕ್ಕನ್ನು ಮಂಡಳಿ ಹರಾಜಿಗೆ ಇಡುತ್ತದೆ, ವಾಹಿನಿ ಕೊಳ್ಳುತ್ತದೆ. ಗೆದ್ದ ಬೆಲೆ ವಾಪಸ್ ಬರುತ್ತದೋ ಇಲ್ಲವೋ ಎಂಬುದು ಮುಂದಿನ ಐದು ವರ್ಷಗಳ ಮಾತು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅಡಿಕೆಯನ್ನೋ ಕಾಫಿಯನ್ನೋ ಗೋದಾಮಿನಲ್ಲಿಟ್ಟು ದರ ಬರುವವರೆಗೆ ಕಾಯಬಹುದು. ಪಂದ್ಯ ಹಾಲಿನ ಹಾಗೆ. ಇಂದು ರಾತ್ರಿ ಎಂಟಕ್ಕೆ ಚಿನ್ನದ ಬೆಲೆಯಿದ್ದ ಪಂದ್ಯಕ್ಕೆ ನಾಳೆ ಬೆಳಿಗ್ಗೆ ಪತ್ರಿಕೆ ಬರುವಷ್ಟರಲ್ಲಿ ಬೆಲೆಯೇ ಇಲ್ಲ. ಧಾರಾವಾಹಿಯನ್ನು ಮಧ್ಯಾಹ್ನ ಮರುಪ್ರಸಾರ ಮಾಡಬಹುದು, ಸಿನಿಮಾವನ್ನು ನೂರು ಸಲ ಹಾಕಬಹುದು. ಫಲಿತಾಂಶ ಗೊತ್ತಾದ ಪಂದ್ಯವನ್ನು ಹಣ ಕೊಟ್ಟು ನೋಡುವವರು ಯಾರು? ಆದ್ದರಿಂದಲೇ ನೇರಪ್ರಸಾರಕ್ಕೆ ಈ ಬೆಲೆ. ಲಕ್ಷಾಂತರ ಮನೆಗಳನ್ನು ಒಂದೇ ಹೊತ್ತಿಗೆ ಒಂದೇ ಪರದೆಯ ಮುಂದೆ ಕೂರಿಸುವ ಶಕ್ತಿ ಟಿವಿಯಲ್ಲಿ ಈಗ ಆಟಕ್ಕಿರುವಷ್ಟು ಬೇರೆ ಯಾವುದಕ್ಕೂ ಇಲ್ಲ.

ಬೆಲೆ ಎಷ್ಟೆಂದು ನೋಡೋಣ. 2017ರ ಸೆಪ್ಟೆಂಬರ್‌ನಲ್ಲಿ ಸ್ಟಾರ್ ಇಂಡಿಯಾ ಐದು ವರ್ಷಗಳ ಐಪಿಎಲ್ ಹಕ್ಕಿಗೆ 16,347.5 ಕೋಟಿ ರೂಪಾಯಿ ಕೊಟ್ಟಿತು. 2022ರ ಜೂನ್‌ನಲ್ಲಿ ಮುಂದಿನ ಐದು ವರ್ಷಗಳ ಹರಾಜು ನಡೆದಾಗ ಟಿವಿ, ಡಿಜಿಟಲ್ ಎಂದು ಭಾಗ ಮಾಡಿ ಮಾರಿದರು. ಎಲ್ಲ ಸೇರಿ 48,390 ಕೋಟಿ, ಹೆಚ್ಚುಕಡಿಮೆ ಮೂರು ಪಟ್ಟು. ಅದರಲ್ಲಿ ಭಾರತದ ಟಿವಿ ಹಕ್ಕು ಡಿಸ್ನಿ ಸ್ಟಾರ್‌ಗೆ 23,575 ಕೋಟಿಗೆ ಹೋಯಿತು. 410 ಪಂದ್ಯಗಳಿಗೆ ಹಂಚಿದರೆ ಪಂದ್ಯಕ್ಕೆ 57.5 ಕೋಟಿ. ಇದನ್ನು ನಾನು ಇನ್ನೂ ಸಣ್ಣದಾಗಿ ಒಡೆದು ನೋಡಿದೆ. ಟಿ20 ಪಂದ್ಯಕ್ಕೆ ವೈಡ್, ನೋಬಾಲ್ ಬಿಟ್ಟು 240 ಎಸೆತ. ಒಂದು ಎಸೆತಕ್ಕೆ ಸುಮಾರು 24 ಲಕ್ಷ ರೂಪಾಯಿ, ಅದೂ ಟಿವಿಯಲ್ಲಿ ತೋರಿಸುವುದಕ್ಕೆ ಮಾತ್ರ. ಬ್ಯಾಟ್ಸ್‌ಮನ್ ಬಿಟ್ಟುಬಿಟ್ಟ ಚೆಂಡಿಗೂ ಅಷ್ಟೇ.

ಈ ಹಣ ಎಲ್ಲಿಂದ ಬರುತ್ತದೆ? ಎರಡೇ ದಾರಿ, ಚಂದಾ ಮತ್ತು ಜಾಹೀರಾತು. ಎರಡು ಕೈಯಲ್ಲೂ ದುಡಿಯುವ ಈ ಉಪಾಯವನ್ನು ಜಗತ್ತಿಗೆ ಗಟ್ಟಿಯಾಗಿ ತೋರಿಸಿದ್ದು ಅಮೆರಿಕದ ಇಎಸ್‌ಪಿಎನ್. 1979ರಲ್ಲಿ ಕನೆಕ್ಟಿಕಟ್‌ನ ಬ್ರಿಸ್ಟಲ್ ಎಂಬ ಸಣ್ಣ ಊರಿನಲ್ಲಿ ಶುರುವಾದ ವಾಹಿನಿ ಅದು. ಜಾಹೀರಾತಿನ ಹಣ ಸಾಲದೆ ಕೇಬಲ್‌ನವರಿಂದ ಮನೆಗಿಷ್ಟು ಎಂದು ವಸೂಲು ಮಾಡತೊಡಗಿತು. ಆಟ ನೋಡುವ ಮನೆಯಿರಲಿ, ನೋಡದ ಮನೆಯಿರಲಿ, ಕೇಬಲ್ ಇದ್ದರೆ ಅದರ ಪಾಲು ಸಂದಾಯವಾಗಬೇಕು. ಇಲ್ಲಿಗೆ ಬಂದಮೇಲೆ ಅದು 1996ರಲ್ಲಿ ಸ್ಟಾರ್ ಜೊತೆ ಕೂಡಿಕೊಂಡಿತು; 2012ರಲ್ಲಿ ತನ್ನ ಪಾಲು ಮಾರಿ ಹೊರನಡೆಯಿತು. ನಮ್ಮ ಮನೆಗಳಿಗೆ ಬರುವ ಸ್ಟಾರ್ ಸ್ಪೋರ್ಟ್ಸ್ ಆ ಸಂಸಾರದ ಕುಡಿ.

ಚಂದಾ ಹಣ ಹೇಗೆ ಹರಿಯುತ್ತದೆ ಎಂಬುದನ್ನು ನಮ್ಮ ಬಿಲ್ ಹಿಡಿದೇ ಹೇಳುತ್ತೇನೆ. 2019ರ ಫೆಬ್ರುವರಿಯಲ್ಲಿ ಫೋನ್, ಟಿವಿ ಸೇವೆಗಳ ನಿಯಂತ್ರಕ ಸಂಸ್ಥೆ ಟ್ರಾಯ್ ಹೊಸ ದರ ವ್ಯವಸ್ಥೆ ಜಾರಿಗೆ ತಂದಿತು. ಹಣ ಕೊಟ್ಟು ನೋಡುವ ಪ್ರತಿಯೊಂದು ಪೇ ಚಾನೆಲ್‌ಗೂ ಬಿಡಿ ಬೆಲೆ ಇರಲೇಬೇಕು, ಬೇಕಾದವರು ಬೇಕಾದ್ದನ್ನೇ ಆರಿಸಿಕೊಳ್ಳಬಹುದು. ಪ್ಯಾಕ್‌ನೊಳಗೆ ಸೇರಿಸುವ ಚಾನೆಲ್‌ನ ಬಿಡಿ ಬೆಲೆ ಈಗ 19 ರೂಪಾಯಿ ದಾಟುವಂತಿಲ್ಲ. 19 ರೂಪಾಯಿಯ ಒಂದು ಕ್ರೀಡಾ ವಾಹಿನಿಯನ್ನು ನಾನು ಬಿಡಿಯಾಗಿ ಕೊಂಡೆ ಎಂದುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿ ನನ್ನ ಕೈಯಿಂದ ಹೋಗುವುದು 22 ರೂಪಾಯಿ 42 ಪೈಸೆ. ತೆರಿಗೆ ಬದಿಗಿಟ್ಟರೆ ಉಳಿದ 19ರಲ್ಲಿ ಕನಿಷ್ಠ ಶೇ 20, ಅಂದರೆ 3 ರೂಪಾಯಿ 80 ಪೈಸೆ, ವಿತರಕರ ಪಾಲು. ವಿತರಕರೆಂದರೆ ಆಕಾಶದಿಂದ ಸಿಗ್ನಲ್ ಇಳಿಸಿ ಜಿಲ್ಲೆಗೆಲ್ಲ ಹಂಚುವ ದೊಡ್ಡ ಕಂಪನಿ ಮತ್ತು ನಮ್ಮ ಬೀದಿಗೆ ತಂತಿ ಎಳೆದ ಸ್ಥಳೀಯ ಕೇಬಲ್‌ನವರು. ತಮ್ಮೊಳಗೆ ಬೇರೆ ಒಪ್ಪಂದವಿಲ್ಲದಿದ್ದರೆ ಅವರು 55–45ರಂತೆ ಹಂಚಿಕೊಳ್ಳಬೇಕು. ಹಾಗಾಗಿ ಮಳೆಯಲ್ಲಿ ಕಂಬ ಹತ್ತಿ ಕಡಿದ ತಂತಿ ಕೂಡಿಸುವ ವ್ಯಕ್ತಿಗೆ ಆ ಚಾನೆಲ್‌ನಿಂದ ತಿಂಗಳಿಗೆ ಸಿಗುವುದು 1 ರೂಪಾಯಿ 71 ಪೈಸೆ. ಕೇಬಲ್ ಸಂಪರ್ಕದ ಮೂಲ ಶುಲ್ಕದಲ್ಲೂ ಅವರಿಗೆ ಪಾಲಿದೆ, ಬದುಕು ನಡೆಯುವುದು ಅದರಲ್ಲಿ. ಆ ರಾತ್ರಿ ಅವರ ಮೇಲೆ ರೇಗಿದ್ದಕ್ಕೆ ನನಗೆ ಈಗಲೂ ಬೇಸರವಿದೆ.

ವಾಹಿನಿಗೆ ಉಳಿಯುವುದು ಹೆಚ್ಚೆಂದರೆ 15 ರೂಪಾಯಿ 20 ಪೈಸೆ. ಈಗ ಪಂದ್ಯದ 57.5 ಕೋಟಿಯನ್ನು ಇದರಿಂದ ಭಾಗಿಸಿ. ಸುಮಾರು 3 ಕೋಟಿ 78 ಲಕ್ಷ ಮನೆಗಳು ಒಂದು ತಿಂಗಳು ಕಟ್ಟಿದ ಹಣ ಒಂದೇ ಒಂದು ಪಂದ್ಯದ ಹಕ್ಕಿಗೆ ಸರಿಹೋಗುತ್ತದೆ. ಎರಡು ತಿಂಗಳ ಐಪಿಎಲ್‌ನಲ್ಲಿ 70ಕ್ಕೂ ಹೆಚ್ಚು ಪಂದ್ಯಗಳಿವೆ. ಬಿಡಿ ಚಂದಾ ನಂಬಿದರೆ ಚೇಣಿದಾರ ಮೊದಲ ವಾರವೇ ಮುಳುಗುತ್ತಾನೆ.

ಅವನನ್ನು ಎತ್ತಿ ಹಿಡಿಯುವುದು ಪ್ಯಾಕ್. ಧಾರಾವಾಹಿ ವಾಹಿನಿ, ಸಿನಿಮಾ ವಾಹಿನಿ, ಕ್ರೀಡಾ ವಾಹಿನಿ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ, ಬಿಡಿ ಬೆಲೆಗಳ ಮೊತ್ತದ ಮೇಲೆ ಗರಿಷ್ಠ ಶೇ 45 ರಿಯಾಯಿತಿ ಕೊಡಬಹುದು. ಎರಡು ಮೂರು ಚಾನೆಲ್ ಬಿಡಿಯಾಗಿ ಕೊಳ್ಳುವ ಹಣಕ್ಕೆ ಇಡೀ ಕಟ್ಟೇ ಬರುತ್ತದೆ ಎಂದಾಗ ಯಾರು ಬಿಡಿಯಾಗಿ ಕೊಳ್ಳುತ್ತಾರೆ? ಸಂಜೆ ದೀಪ ಹಚ್ಚಿ ಧಾರಾವಾಹಿಗೆ ಕೂರುವ ನನ್ನ ಅಮ್ಮನಿಗೆ ಎಲ್‌ಬಿಡಬ್ಲ್ಯು ಎಂದರೆ ಏನೆಂದು ಗೊತ್ತಿಲ್ಲ. ಆದರೂ ಆ ಪ್ಯಾಕ್‌ನಲ್ಲಿದ್ದಷ್ಟು ತಿಂಗಳೂ ಒಂದೊಂದು ಎಸೆತಕ್ಕೆ ಅವರೂ ಕಾಸು ಕಟ್ಟಿದ್ದಾರೆ. ವಾಹಿನಿ ಇದನ್ನು ಕದ್ದು ಮಾಡುತ್ತಿಲ್ಲ, ನಿಯಮದ ಒಳಗೇ ಇದೆ. ಆದರೆ ಹಣ ಕಟ್ಟುವ ಎಷ್ಟು ಮನೆಗಳಿಗೆ ಇದು ಗೊತ್ತಿದೆ? ಬಿಡಿ ಬೆಲೆಯ ಪಟ್ಟಿ ಕೇಳಿ ಪಡೆಯುವ ಹಕ್ಕು ನಮಗಿದೆ ಎಂಬುದನ್ನು ಕೇಬಲ್ ಬಾಕ್ಸ್‌ನ ಮೇಲೆಯೇ ದೊಡ್ಡ ಅಕ್ಷರದಲ್ಲಿ ಅಂಟಿಸಬೇಕು ಎನ್ನುವವನು ನಾನು.

ಎರಡನೆಯ ಕೈ ಜಾಹೀರಾತು. ಒಂದು ಗಂಟೆಯಲ್ಲಿ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು ಎಂಬ ನಿಯಮವಿದೆ. ಫುಟ್‌ಬಾಲ್‌ನಲ್ಲಿ 45 ನಿಮಿಷ ಆಟ ನಿಲ್ಲುವುದಿಲ್ಲ, ಕ್ರಿಕೆಟ್ ಆರು ಎಸೆತಕ್ಕೊಮ್ಮೆ ತಾನಾಗಿಯೇ ಬಾಗಿಲು ತೆರೆಯುತ್ತದೆ. ಅಷ್ಟೂ ಸಾಲದೆ ಐಪಿಎಲ್‌ನ ಎರಡನೆಯ ವರ್ಷ, 2009ರಲ್ಲಿ, 'ಸ್ಟ್ರಾಟಜಿಕ್ ಟೈಮ್‌ಔಟ್' ಬಂತು. ಈಗ ಒಂದು ಇನಿಂಗ್ಸ್‌ಗೆ ಎರಡೂವರೆ ನಿಮಿಷದ ಎರಡು ವಿರಾಮ. ಆಟಗಾರರು ನೀರು ಕುಡಿದು ತಂತ್ರ ಮಾತಾಡುತ್ತಾರೆ, ನಿಜ. ಅಷ್ಟು ಹೊತ್ತು ಪರದೆಯ ಮೇಲೆ ಓಡುವುದು ಜಾಹೀರಾತು. ಕನ್ನಡದ ವೀಕ್ಷಕ ವಿವರಣೆಯ ಹಿಂದೆಯೂ ಈ ಲೆಕ್ಕವಿದೆ. ಚಿತ್ರ ಎಲ್ಲರಿಗೂ ಒಂದೇ, ಮಾತು ಬೇರೆ. ಸ್ಟಾರ್ ಸ್ಪೋರ್ಟ್ಸ್ ಕನ್ನಡ ಪ್ರತ್ಯೇಕ ವಾಹಿನಿಯಾಗಿರುವುದರಿಂದ ಕರ್ನಾಟಕಕ್ಕೆ ಮಾತ್ರ ಬೇಕಾದ ಜಾಹೀರಾತನ್ನು ಬೇರೆಯಾಗಿ ಮಾರಬಹುದು. ಕಾರಣ ಹಣವೇ ಇರಲಿ, ವಿಜಯ್ ಭಾರದ್ವಾಜ್ ಅವರಂಥ ನಮ್ಮವರು ಸ್ವಿಂಗ್ ಎಂದರೇನು, ಫೀಲ್ಡಿಂಗ್ ಹೀಗೇಕೆ ಬದಲಾಯಿತು ಎಂದು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುವಾಗ ನನಗೆ ಆಗುವ ಸಂತೋಷ ಕಡಿಮೆಯದಲ್ಲ.

ಚೇಣಿದಾರ ಮುಳುಗಿದ್ದೂ ಉಂಟು. ನಿಂಬಸ್ ಎಂಬ ಸಂಸ್ಥೆ 2006ರಲ್ಲಿ ಭಾರತದಲ್ಲಿ ನಡೆಯುವ ಪಂದ್ಯಗಳ ಹಕ್ಕನ್ನು 61.2 ಕೋಟಿ ಡಾಲರ್‌ಗೆ ಹಿಡಿದು ನಿಯೋ ಸ್ಪೋರ್ಟ್ಸ್ ವಾಹಿನಿ ಕಟ್ಟಿತು. ಮುಂದೆ ಒಪ್ಪಂದ ನವೀಕರಿಸಿಕೊಂಡರೂ ಅದು ಹಣ ಕಟ್ಟದ್ದರಿಂದ 2011ರ ಡಿಸೆಂಬರ್‌ನಲ್ಲಿ ಮಂಡಳಿ ಆ ಒಪ್ಪಂದವನ್ನೇ ರದ್ದು ಮಾಡಿತು. ಬ್ರಿಟನ್‌ನ ಐಟಿವಿ ಡಿಜಿಟಲ್ ಕೆಳ ಹಂತದ ಫುಟ್‌ಬಾಲ್ ಲೀಗ್‌ಗೆ 31.5 ಕೋಟಿ ಪೌಂಡ್ ಒಪ್ಪಿ 2002ರಲ್ಲಿ ಬಾಗಿಲು ಹಾಕಿದಾಗ ಅದನ್ನೇ ನಂಬಿ ಸಂಬಳ ಏರಿಸಿದ್ದ ಎಷ್ಟೋ ಕ್ಲಬ್‌ಗಳು ಸಾಲಕ್ಕೆ ಬಿದ್ದವು. ಚೇಣಿಗೆ ಕೊಡುವುದರ ಬದಲು ಚೇಣಿದಾರನೇ ತೋಟ ಹಾಕಿದ್ದಕ್ಕೆ ಉದಾಹರಣೆ ಕಬಡ್ಡಿ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ನಡೆಸುವ ಮಶಾಲ್ ಸ್ಪೋರ್ಟ್ಸ್‌ನಲ್ಲಿ ಸ್ಟಾರ್ ದೊಡ್ಡ ಪಾಲು ಕೊಂಡಿತು. ನಮ್ಮ ಜಾತ್ರೆಗಳ ಮಣ್ಣಿನ ಅಂಕಣದ ಆಟ ಮ್ಯಾಟ್ ಮೇಲೆ, ದೀಪಗಳ ಕೆಳಗೆ ಬಂದದ್ದು ಹಾಗೆ.

ಇನ್ನು ಅಕ್ಕನ ಮನೆಯ ಒಗಟು. ಅದರ ಬೇರು 1993ರಲ್ಲಿದೆ. ಆ ವರ್ಷದ ನವೆಂಬರ್‌ನಲ್ಲಿ ನಡೆದ ಹೀರೋ ಕಪ್ ಎಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 12 ರನ್‌ಗೆ 6 ವಿಕೆಟ್ ಕಿತ್ತದ್ದು. ಮೈದಾನದ ಹೊರಗೆ ನಡೆದ ಜಗಳ ಅಷ್ಟೇ ದೊಡ್ಡದು. ಅಲ್ಲಿಯವರೆಗೆ ಟಿವಿ ಎಂದರೆ ದೂರದರ್ಶನ. ಟೂರ್ನಿ ನಡೆಸಿದ ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ವಿದೇಶದ ಟಿಡಬ್ಲ್ಯುಐ ಕಂಪನಿಗೆ ಮಾರಿತು. ಸರ್ಕಾರ ಒಪ್ಪಲಿಲ್ಲ, ಉಪಕರಣಗಳನ್ನು ಕಸ್ಟಮ್ಸ್‌ನವರು ತಡೆದರು, ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1995ರ ಫೆಬ್ರುವರಿ 9ರಂದು ಬಂದ ತೀರ್ಪು ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರದ ಏಕಸ್ವಾಮ್ಯವಲ್ಲ ಎಂದಿತು. ಈ ದೇಶದಲ್ಲಿ ಆಟದ ಹಕ್ಕು ಸರಕಾದದ್ದು ಆ ಬಾಗಿಲಿನಿಂದಲೇ.

ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿತು. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ಇದೇ ನಿಂಬಸ್ ದೂರದರ್ಶನಕ್ಕೆ ನೇರ ಸಿಗ್ನಲ್ ಕೊಡಲು ನಿರಾಕರಿಸಿತು. ಕೇಬಲ್ ಇಲ್ಲದ ಹಳ್ಳಿಗಳಿಗೆ ಭಾರತದ ಪಂದ್ಯವೇ ಇಲ್ಲದಂತಾಯಿತು. ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆ ಮಾಡಿತು. ರಾಷ್ಟ್ರೀಯ ಮಹತ್ವದ ಕ್ರೀಡೆ ಎಂದು ಅಧಿಸೂಚಿಸಿದ ಪಂದ್ಯಗಳ ಸಿಗ್ನಲ್ಲನ್ನು ವಾಹಿನಿ ತನ್ನ ಜಾಹೀರಾತು ಸೇರಿಸದೆ, ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ದೂರದರ್ಶನ ಅದರಲ್ಲಿ ಜಾಹೀರಾತು ಹಾಕಿ ಗಳಿಸಿದ್ದರಲ್ಲಿ ಶೇ 75 ಹಕ್ಕುದಾರರಿಗೆ, ಶೇ 25 ತನಗೆ. ಭಾರತ ಆಡುವ ಏಕದಿನ, ಟಿ20 ಅಂತರರಾಷ್ಟ್ರೀಯ ಪಂದ್ಯಗಳು, ವಿಶ್ವಕಪ್‌ನ ಸೆಮಿಫೈನಲ್, ಫೈನಲ್ ಈ ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ.

ಇಲ್ಲಿಯವರೆಗೆ ಸರಿ. ತೊಡಕು ಹುಟ್ಟಿದ್ದು ಇನ್ನೊಂದು ಕಾಯ್ದೆಯಿಂದ. 1995ರ ಕೇಬಲ್ ಕಾಯ್ದೆಯ ಪ್ರಕಾರ ದೂರದರ್ಶನದ ನಿಗದಿತ ವಾಹಿನಿಗಳನ್ನು ಪ್ರತಿಯೊಬ್ಬ ಕೇಬಲ್‌ನವರೂ ಕಡ್ಡಾಯವಾಗಿ ಕೊಡಬೇಕು. ಹಾಗೆ ಕೊಟ್ಟಾಗ ಕೇಬಲ್ ಇದ್ದವರೂ ಡಿಡಿಯಲ್ಲೇ ಪಂದ್ಯ ನೋಡುತ್ತಾರೆ, ಕ್ರೀಡಾ ವಾಹಿನಿಗೆ ಹಣ ಕಟ್ಟುವವರು ಯಾರು ಎಂದು ಹಕ್ಕುದಾರರು ನ್ಯಾಯಾಲಯಕ್ಕೆ ಹೋದರು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಅವರ ವಾದ ಒಪ್ಪಿತು. ಹಂಚಿಕೊಂಡ ಸಿಗ್ನಲ್ ದೂರದರ್ಶನದ ಸ್ವಂತ ಟವರ್‌ಗಳಲ್ಲಿ ಮತ್ತು ಸ್ವಂತ ಡಿಟಿಎಚ್‌ನಲ್ಲಿ, ಅಂದರೆ ಉಪಗ್ರಹದಿಂದ ಮನೆಯ ತಟ್ಟೆಗೇ ಇಳಿಯುವ ಸೇವೆಯಲ್ಲಿ, ಹೋಗಬಹುದು. ಖಾಸಗಿ ಕೇಬಲ್ ಮತ್ತು ಖಾಸಗಿ ಡಿಟಿಎಚ್‌ನಲ್ಲಿ ಹೋಗುವಂತಿಲ್ಲ. ಅಕ್ಕನ ತಟ್ಟೆ ದೂರದರ್ಶನದ ಸ್ವಂತದ್ದು. ನಮ್ಮ ತಂತಿ ಖಾಸಗಿ. ನನ್ನ ಫೈನಲ್ ಮಾಯವಾದದ್ದು ಅಲ್ಲಿ.

ತೀರ್ಪಿನ ತರ್ಕ ನನಗೆ ಅರ್ಥವಾಗುತ್ತದೆ: ಕಾಯ್ದೆ ಇರುವುದು ಕೇಬಲ್ ಇಲ್ಲದವರಿಗಾಗಿ. ಆದರೆ 1995ರ ತೀರ್ಪು ತರಂಗ ಎಲ್ಲರದೂ ಎಂದಿತ್ತಲ್ಲ, ಕನಿಷ್ಠ ವಿಶ್ವಕಪ್ ಫೈನಲ್ ಒಂದನ್ನಾದರೂ ಯಾವ ದಾರಿಯಲ್ಲಿ ಟಿವಿ ಬಂದರೂ ಎಲ್ಲ ಮನೆಗೂ ಬಿಡಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ನಾನು ಹಾಸನದವನಾದ್ದರಿಂದ ಇದು ಸ್ವಲ್ಪ ಹೆಚ್ಚೇ ಚುಚ್ಚುತ್ತದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಲ್ಲಿ ಇನ್ಸಾಟ್ ಉಪಗ್ರಹಗಳ ಕಾಲದಲ್ಲಿ ಶುರುವಾದದ್ದು. ಮರಗಳ ಮೇಲೆ ಕಾಣುವ ಬಿಳಿಯ ದೊಡ್ಡ ಬೋಗುಣಿಗಳನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದೆವು. ಅಲ್ಲಿಂದ ಪಂದ್ಯ ಪ್ರಸಾರವಾಗುವುದಿಲ್ಲ. 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ತನ್ನ ಜಾಗ ಬಿಟ್ಟು ಕದಲದಂತೆ, ಮುಖ ತಿರುಗಿಸದಂತೆ ಹಗಲು ರಾತ್ರಿ ಕಾಯುವುದು ಅಲ್ಲಿನ ಕೆಲಸ. ಫ್ರೀ ಡಿಶ್‌ನ ಸಿಗ್ನಲ್ ಹೊರುವ ಜಿಸ್ಯಾಟ್-15 ಉಪಗ್ರಹದ ಹೊಣೆಯೂ ಇಲ್ಲಿಯದೇ. ಅಕ್ಕನ ಮನೆಗೆ ಫೈನಲ್ ತಲುಪಿಸಿದ ಉಪಗ್ರಹವನ್ನು ಕಾಯುವವರು ನಮ್ಮ ಊರಿನವರು.

ಆ ರಾತ್ರಿ ನಾವು ಕೊನೆಗೆ ಪಂದ್ಯ ನೋಡಿದ್ದು ಮೊಬೈಲ್‌ನಲ್ಲಿ. ಹಾಟ್‌ಸ್ಟಾರ್ ಆ ವಿಶ್ವಕಪ್ಪನ್ನು ಮೊಬೈಲ್‌ಗೆ ಉಚಿತವಾಗಿ ಬಿಟ್ಟಿತ್ತು. ನೀರಿನ ಚೊಂಬಿಗೆ ಫೋನ್ ಆನಿಸಿ ಇಟ್ಟು, ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಕೊನೆಯ ಓವರ್, ದಕ್ಷಿಣ ಆಫ್ರಿಕಾಕ್ಕೆ 16 ರನ್ ಬೇಕು, ಮಿಲ್ಲರ್ ಎದುರಿಗೆ ಹಾರ್ದಿಕ್ ಓಟ ಶುರುಮಾಡಿದ್ದ. ಚೆಂಡು ಇನ್ನೂ ಅವನ ಕೈಯಲ್ಲಿರುವಾಗಲೇ ಪಕ್ಕದ ಮನೆಯಲ್ಲಿ ಕೂಗೆದ್ದಿತು. ಆಮೇಲೆ ನಮ್ಮ ಪರದೆಯಲ್ಲಿ ಸೂರ್ಯಕುಮಾರ್ ಬೌಂಡರಿ ಗೆರೆಯ ಆಚೆ ಈಚೆ ಹೆಜ್ಜೆಯಿಟ್ಟು ಆ ಕ್ಯಾಚ್ ಹಿಡಿದ. ಉಪಗ್ರಹಕ್ಕೆ ಹೋಗಿ ಬರಲು ಸಿಗ್ನಲ್‌ಗೆ ಕಾಲು ಸೆಕೆಂಡ್ ಸಾಕು. ಇಂಟರ್‌ನೆಟ್‌ನಲ್ಲಿ ಚಿತ್ರವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಫೋನಿನಲ್ಲಿ ಒಂದಿಷ್ಟು ಕೂಡಿಟ್ಟುಕೊಂಡೇ ತೋರಿಸುವುದರಿಂದ ಹತ್ತಾರು ಸೆಕೆಂಡ್ ಹಿಂದೆ ಬೀಳುತ್ತದೆ. ವಿಶ್ವಕಪ್ ಗೆದ್ದ ಸುದ್ದಿ ನಮಗೆ ಮೊದಲು ಗೋಡೆಯಾಚೆಯಿಂದ ಬಂತು.

ಈ ಮೊಬೈಲೇ ಈಗ ಟಿವಿ ಚೇಣಿಯ ಬುಡ ಅಲುಗಾಡಿಸಿದೆ. 2022ರಲ್ಲಿ ಐಪಿಎಲ್‌ನ ಟಿವಿ ಹಕ್ಕು ಡಿಸ್ನಿ ಸ್ಟಾರ್‌ಗೆ, ಡಿಜಿಟಲ್ ಹಕ್ಕು ವಯಾಕಾಮ್18 ಎಂಬ ಇನ್ನೊಂದು ಕಂಪನಿಗೆ ಹೋಗಿತ್ತು. 2023ರ ಐಪಿಎಲ್ಲನ್ನು ವಯಾಕಾಮ್18ರ ಆ್ಯಪ್ ಜಿಯೋಸಿನಿಮಾ ಪೂರ್ತಿ ಉಚಿತವಾಗಿ ತೋರಿಸಿತು. ಒಂದು ಮಂಡಿಯಲ್ಲಿ ದುಡ್ಡಿಗೆ ಮಾರುವ ಸರಕನ್ನು ಎದುರಿನ ಅಂಗಡಿಯಲ್ಲಿ ಪುಕ್ಕಟೆ ಹಂಚಿದ ಹಾಗಾಯಿತು. ಇಬ್ಬರೂ ನಷ್ಟದ ಮಾತಾಡತೊಡಗಿದರು, ಕೊನೆಗೆ ಇಬ್ಬರೂ ಒಂದಾದರು. 2024ರ ನವೆಂಬರ್‌ನಲ್ಲಿ ಜಿಯೋಸ್ಟಾರ್ ಹುಟ್ಟಿತು, ಮುಂದಿನ ಫೆಬ್ರುವರಿಯಲ್ಲಿ ಎರಡೂ ಆ್ಯಪ್‌ಗಳು ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಐಪಿಎಲ್, ಐಸಿಸಿ, ಬಿಸಿಸಿಐ ಪಂದ್ಯಗಳ ಹಕ್ಕು ಒಂದೇ ಮನೆಗೆ ಬಂದದ್ದರಿಂದ, ಇವುಗಳ ಜಾಹೀರಾತನ್ನು ಒಂದೇ ಕಟ್ಟಾಗಿ ಮಾರುವುದಿಲ್ಲ ಎಂಬ ವಚನ ಪಡೆದೇ, ಮಾರುಕಟ್ಟೆಯಲ್ಲಿ ಪೈಪೋಟಿ ಉಳಿಯುವಂತೆ ಕಾಯುವ ಸ್ಪರ್ಧಾ ಆಯೋಗ ವಿಲೀನಕ್ಕೆ ಒಪ್ಪಿಗೆ ಕೊಟ್ಟಿತ್ತು. ಜಾಹೀರಾತುದಾರರಿಗೆ ಈ ರಕ್ಷಣೆ ಸಿಕ್ಕಿತು. ಚಂದಾ ಕಟ್ಟುವ ಮನೆಗಳ ಪರವಾಗಿ ಅಂಥದ್ದೇ ಗಟ್ಟಿ ಮಾತೊಂದು ಬೇಕಿತ್ತು.

ಐಪಿಎಲ್‌ನ ಈಗಿನ ಚೇಣಿ 2027ಕ್ಕೆ ಮುಗಿಯುತ್ತದೆ. ಹಿಂದಿನ ಹರಾಜಿನಲ್ಲಿ ಪಂತಕ್ಕೆ ಬಿದ್ದು ದರ ಏರಿಸಿದವರಲ್ಲಿ ಇಬ್ಬರು ಈಗ ಒಂದೇ ಸಂಸ್ಥೆ; ಉಳಿದ ಸ್ಪರ್ಧಿಗಳಾದ ಸೋನಿ ಮತ್ತು ಝೀ ಕೂಡಿ ಬಲಗೊಳ್ಳಬಹುದಿದ್ದ ವಿಲೀನದ ಮಾತು 2024ರ ಜನವರಿಯಲ್ಲಿ ಮುರಿದುಬಿತ್ತು. ಹೋದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋದಾಗ ತೋಟದಲ್ಲಿ ಓಡಾಡುತ್ತ ಇದನ್ನೆಲ್ಲ ಭಾವನಿಗೆ ಹೇಳಿದೆ. ಅವರು ಗೊನೆ ನೋಡುತ್ತಲೇ ಕೇಳಿಸಿಕೊಂಡರು. "ಒಬ್ಬನೇ ಚೇಣಿದಾರ ಬಂದ ವರ್ಷ ನಾವು ಮರುದಿನ ಬಾ ಎಂದು ಕಳಿಸುತ್ತೇವೆ, ಅಷ್ಟರಲ್ಲಿ ಇನ್ನೊಬ್ಬನಿಗೆ ಫೋನ್ ಮಾಡುತ್ತೇವೆ" ಎಂದರು. ಕ್ರಿಕೆಟ್ ಮಂಡಳಿ ಆಗ ಯಾರಿಗೆ ಫೋನ್ ಮಾಡುತ್ತದೆ ಎಂದು ಅವರೇ ಮತ್ತೆ ಕೇಳಿದರು.